ಕಾರವಾರ: ಪಕ್ಕದಲ್ಲೇ ಗೋವಾ ಇರುವಾಗ ಇಲ್ಲಿ ಯಾಕೆ ಇಳಿಯಬೇಕು?

ಬೆಣ್ಣೆದೋಸೆ ದಾವಣಗೆರೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಐದಾರು ವರ್ಷದಿಂದ ಡಿಸೆಂಬರ್ ರಜೆಗೆ ಕಾರಿನಲ್ಲಿ ಗೋವಾಕ್ಕೆ ಹೋಗುತ್ತೇವೆ. ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ, ಆಮೇಲೆ ಕಾರವಾರ. ಆದರೆ ಕಾರವಾರದಲ್ಲಿ ಒಮ್ಮೆಯೂ ಇಳಿದಿಲ್ಲ. ಸುರಂಗ ದಾಟಿದ ಕೂಡಲೇ ಎಡಗಡೆ ನೀಲಿ ಸಮುದ್ರ ಕಾಣಿಸುತ್ತದೆ, ದೂರದಲ್ಲಿ ಹಡಗು, ಆಮೇಲೆ ಒಂದು ದೊಡ್ಡ ಸೇತುವೆ. ಹತ್ತು ನಿಮಿಷದಲ್ಲಿ ಊರು ಮುಗಿದುಹೋಗುತ್ತದೆ.

ಹೋದ ಸಲ ಏಳು ವರ್ಷದ ಮಗಳು ಕೇಳಿದಳು: "ಅಪ್ಪಾ, ಆ ಹಡಗು ಯಾಕೆ ಸುಮ್ನೆ ನಿಂತಿದೆ?" ನನಗೆ ಗೊತ್ತಿರಲಿಲ್ಲ. ಪೆಟ್ರೋಲ್ ಮುಗಿದಿರಬೇಕು ಅಂದೆ. ಹೆಂಡತಿ ಗೋವಾ ಮುಟ್ಟುವವರೆಗೂ ನಕ್ಕಳು.

ಈ ಸಲ ಎರಡು ದಿನ ಅಲ್ಲೇ ಉಳಿಯೋಣ ಅಂತ ಯೋಚನೆ. ಜೊತೆಗೆ ಅಮ್ಮ ಇರುತ್ತಾರೆ, ಅವರು ಮೀನು ಮುಟ್ಟುವುದಿಲ್ಲ. ಬಂದರು ಇರುವ ಕಡೆ ಬೀಚ್ ಗಲೀಜಾಗಿರುತ್ತದಾ? ನೋಡೋಕೆ ಏನಿದೆ? ಇಷ್ಟು ಚೆಂದ ಇದ್ದೂ ಇದು ಯಾಕೆ ಗೋವಾ ತರಹ ಬೆಳೆಯಲಿಲ್ಲ?

ಟ್ರಾಫಿಕ್ ಸಂತ್ರಸ್ತ, ಬೆಂಗಳೂರು

ಎರಡು ದಿನ ಜಾಸ್ತಿ ಆಯ್ತು ಗುರು. ಸಂಜೆ ಒಂದು ಗಂಟೆ ಬೀಚ್ ನೋಡಿ ಮುಂದೆ ಹೋಗಿ. ಇಲ್ಲ ಅಂದರೆ ಗೋಕರ್ಣದಲ್ಲಿ ಉಳಿಯಿರಿ. ಕಾರವಾರದಲ್ಲಿ ರಾತ್ರಿ ಒಂಬತ್ತಕ್ಕೆಲ್ಲ ಊರು ಮಲಗುತ್ತದೆ.

ಕೋಡಿಬಾಗದ ಟೀಚರ್

ಒಂಬತ್ತಕ್ಕೆ ಮಲಗುವುದು ಹೌದು ಸರ್. ಬೆಳಿಗ್ಗೆ ನಾಲ್ಕಕ್ಕೆ ಬೈತಖೋಲ್ ಮೀನುಗಾರಿಕಾ ಬಂದರಿನಲ್ಲಿ ಏಳುವವರು ಇರುತ್ತಾರಲ್ಲ, ಅದಕ್ಕೆ.

ದಾವಣಗೆರೆಯವರೇ, ನಾನು ಹುಟ್ಟಿ ಬೆಳೆದದ್ದು ಬೈತಖೋಲ್‌ನಲ್ಲಿ. ಮದುವೆಯಾಗಿ ಬಂದದ್ದು ಕೋಡಿಬಾಗಕ್ಕೆ. ಅಂದರೆ ಕಾರವಾರದ ಕಡಲತೀರದ ಈ ತುದಿಯಿಂದ ಆ ತುದಿಗೆ, ಅಷ್ಟೇ ನನ್ನ ಪ್ರಪಂಚ! ಅಪ್ಪ ಬಂದರಿನಲ್ಲಿ ಲೆಕ್ಕ ಬರೆಯುವ ಕೆಲಸ ಮಾಡುತ್ತಿದ್ದರು. ಹಡಗಿಗೆ ಎಷ್ಟು ಲಾರಿ ಮಾಲು ಹೋಯಿತು, ಎಷ್ಟು ಬಾಕಿ, ಅದೇ ಪುಸ್ತಕ, ಅದೇ ಪೆನ್ಸಿಲ್. ಅದಿರು ಸಾಗಿಸುತ್ತಿದ್ದ ಕಾಲದಲ್ಲಿ ಅವರ ಬಿಳಿ ಅಂಗಿ ಸಂಜೆಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತಿತ್ತು. ಅಮ್ಮ ಆ ಅಂಗಿಗಳನ್ನು ನಮ್ಮ ಬಟ್ಟೆಯ ಜೊತೆ ನೆನೆಸುತ್ತಿರಲಿಲ್ಲ. ಅವಕ್ಕೆ ಬೇರೆ ಬಕೆಟ್. 2010ರಲ್ಲಿ ಸರ್ಕಾರ ಅದಿರು ರಫ್ತು ನಿಲ್ಲಿಸಿದ ಮೇಲೆ ಆ ಕೆಂಪು ಬಕೆಟ್ ಹಿತ್ತಲಿಗೆ ಹೋಯಿತು. ಈಗ ಅದರಲ್ಲಿ ಅಲೋವೆರಾ ಬೆಳೆದಿದೆ.

ಮೊದಲು ಮಗಳ ಪ್ರಶ್ನೆ. ಆ ಹಡಗು ಸರದಿಯಲ್ಲಿ ನಿಂತಿರುತ್ತದೆ. ಜೆಟ್ಟಿ ಖಾಲಿ ಆಗಬೇಕು, ಕೆಲವು ಸಲ ಭರತ ಏರಿ ನೀರು ಹೆಚ್ಚಬೇಕು. ಆಮೇಲೆ ಬಂದರಿನ ಪೈಲಟ್ ಹೋಗಿ ಒಳಗೆ ತರುತ್ತಾರೆ. ಹೆಚ್ಚಾಗಿ ಬರುವುದು ಡಾಂಬರು. ರಸ್ತೆಗೆ ಹಾಕುತ್ತಾರಲ್ಲ, ಅದೇ. ತಣ್ಣಗಾದರೆ ಗಟ್ಟಿಯಾಗುತ್ತದೆ ಅಂತ ಹಡಗಿನೊಳಗೆ ಬಿಸಿ ಮಾಡುತ್ತಲೇ ತರುತ್ತಾರೆ. ಇಲ್ಲಿ ಪೈಪಿನಲ್ಲಿ ಟ್ಯಾಂಕಿಗೆ, ಅಲ್ಲಿಂದ ಟ್ಯಾಂಕರ್ ಲಾರಿಗೆ. ಇಲ್ಲಿಂದ ಹೊರಗೆ ಹೋಗುವುದರಲ್ಲಿ ಸಕ್ಕರೆ ಕಾರ್ಖಾನೆಗಳ ಕಾಕಂಬಿಯೂ ಇರುತ್ತದೆ.

ಈಗ ಜಾಗದ ವಿಷಯ. ನಮ್ಮ ಊರು ಚೆಂದ ಇರುವುದಕ್ಕೂ ಇಲ್ಲಿ ಬಂದರು ಇರುವುದಕ್ಕೂ ಕಾರಣ ಒಂದೇ. ಸಹ್ಯಾದ್ರಿ ಬೇರೆ ಕಡೆ ಸಮುದ್ರದಿಂದ ದೂರ ನಿಲ್ಲುತ್ತದೆ, ಇಲ್ಲಿ ಕಾಲು ಚಾಚಿ ನೀರಿಗೇ ಇಳಿದುಬಿಟ್ಟಿದೆ. ದಕ್ಷಿಣಕ್ಕೆ ಬೈತಖೋಲ್ ಗುಡ್ಡ ಮೂಗಿನ ಹಾಗೆ ಸಮುದ್ರಕ್ಕೆ ಚಾಚಿದೆ. ಉತ್ತರಕ್ಕೆ ಕಾಳಿ ನದಿ, ಅದರಾಚೆ ಸದಾಶಿವಗಡದ ಗುಡ್ಡ. ಎರಡರ ನಡುವೆ ಬಿಲ್ಲಿನ ಹಾಗೆ ಬಾಗಿದ ಮರಳು. ಎದುರಿಗೆ ಕಾವಲು ನಿಂತ ಹಾಗೆ ದ್ವೀಪಗಳು: ಕೂರ್ಮಗಡ, ದೀಪಸ್ತಂಭ ಇರುವ ದೇವಗಡ. ಮಳೆಗಾಲದ ಗಾಳಿ ಬರುವುದು ನೈಋತ್ಯದಿಂದ. ಬೈತಖೋಲ್ ಗುಡ್ಡ ಅದಕ್ಕೆ ಬೆನ್ನು ಕೊಟ್ಟು ನಿಂತಿದೆ. ಅದಕ್ಕೇ ಇದು ಸರ್ವಋತು ಬಂದರು. ಸಮುದ್ರದಲ್ಲಿ ತೂಫಾನು ಎದ್ದಿತು ಅಂದರೆ ಮಲ್ಪೆ ಕಡೆಯ ಬೋಟು, ಗೋವಾದ ಬೋಟು ಎಲ್ಲ ನಮ್ಮ ಕೊಲ್ಲಿಗೆ ಓಡಿ ಬರುತ್ತವೆ. ಚಿಕ್ಕವಳಿದ್ದಾಗ ಅಂಥ ರಾತ್ರಿಗಳು ನನಗೆ ದೀಪಾವಳಿ ಇದ್ದ ಹಾಗೆ. ಕಿಟಕಿಯಿಂದ ನೋಡಿದರೆ ನೀರಿನ ಮೇಲೆಲ್ಲ ದೀಪ. ಅಪ್ಪ ಎಣಿಸುತ್ತಿದ್ದರು. ಮನೆಗೆ ಬಂದ ಮೇಲೂ ಎಣಿಸುವ ಚಟ ಅವರಿಗೆ.

ಗಲೀಜಿನ ಬಗ್ಗೆ ನೇರವಾಗಿ ಹೇಳುತ್ತೇನೆ. ಬೈತಖೋಲ್ ತುದಿಯಲ್ಲಿ ಮೀನುಗಾರಿಕಾ ಬಂದರು, ಪಕ್ಕದಲ್ಲೇ ವಾಣಿಜ್ಯ ಬಂದರು. ಅಲ್ಲಿ ಡೀಸೆಲ್ ವಾಸನೆ, ಮೀನಿನ ವಾಸನೆ ಎರಡೂ ಉಂಟು. ನೋಡಲು ಹೋಗಿ, ಸ್ನಾನಕ್ಕೆ ಬೇಡ. ನಮ್ಮ ಕೋಡಿಬಾಗ ತುದಿಯಲ್ಲಿ ಕಾಳಿ ಸಮುದ್ರ ಸೇರುತ್ತದೆ. ನೀರು ಶಾಂತವಾಗಿ ಕಾಣುತ್ತದೆ, ಆದರೆ ಅಡಿಯ ಸೆಳೆತ ಕೆಟ್ಟದ್ದು. ಮಗಳನ್ನು ಅಲ್ಲಿ ಇಳಿಸಲೇಬೇಡಿ. ನಡುವಿನ ಟಾಗೋರ್ ಕಡಲತೀರ ನಿಮಗೆ ಸರಿ. ಡಿಸೆಂಬರ್‌ನಲ್ಲಿ ನೀರು ತಿಳಿ ಇರುತ್ತದೆ. ಜುಲೈಯಲ್ಲಿ ಬಂದರೆ ಚಹಾದ ಬಣ್ಣ.

ಟಾಗೋರ್ ಹೆಸರು ಸುಮ್ನೆ ಇಟ್ಟದ್ದಲ್ಲ. ರವೀಂದ್ರನಾಥರ ಅಣ್ಣ ಸತ್ಯೇಂದ್ರನಾಥರು ಐಸಿಎಸ್, ಅಂದರೆ ಬ್ರಿಟಿಷರ ಕಾಲದ ಆಡಳಿತ ಸೇವೆಯ ಪರೀಕ್ಷೆ, ಪಾಸಾದ ಮೊದಲ ಭಾರತೀಯ. ಅವರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1880ರ ದಶಕದ ಶುರುವಿನಲ್ಲಿ ಇಪ್ಪತ್ತು ದಾಟಿದ ತಮ್ಮ ಬಂದು ಅಣ್ಣನ ಮನೆಯಲ್ಲಿ ಉಳಿದರು. ಬೆಳದಿಂಗಳಲ್ಲಿ ಕಾಳಿ ನದಿಯಲ್ಲಿ ದೋಣಿ ಹತ್ತಿ ಹೋದದ್ದು, ವಾಪಸು ಬರುವಾಗ ನದಿಯ ಬಾಯಲ್ಲಿ ಇಳಿದು ಮರಳಿನ ಮೇಲೆ ನಡೆದದ್ದು, ಎಲ್ಲ ಅವರ ನೆನಪಿನ ಬರಹದಲ್ಲಿದೆ. ಒಂದು ನಾಟಕವನ್ನೂ ಇಲ್ಲೇ ಬರೆದರು. ನಾನು ದಿನಾ ಸಂಜೆ ನಡೆಯುವ ದಾರಿಯೂ ಅದೇ. ನನಗೆ ಇನ್ನೂ ನಾಟಕ ಬಂದಿಲ್ಲ, ಮಂಡಿನೋವು ಬಂದಿದೆ.

ನೋಡುವುದು ಏನು ಅಂದಿರಿ. ಎಲ್ಲಕ್ಕಿಂತ ಮೊದಲು ಬೆಳಿಗ್ಗೆ ಆರೂವರೆಗೆ ಎದ್ದು ಮರಳಿಗೆ ಬನ್ನಿ. ಅದೃಷ್ಟ ಇದ್ದರೆ ಏಂಡಿ ಬಲೆ ಎಳೆಯುವುದು ಸಿಗುತ್ತದೆ. ಒಂದು ದೋಣಿ ಅರ್ಧಚಂದ್ರದ ಹಾಗೆ ಬಲೆ ಬಿಟ್ಟು ಬರುತ್ತದೆ. ದಡದಲ್ಲಿ ಎರಡು ಸಾಲು ಜನ ಹಗ್ಗ ಹಿಡಿದು ಹಿಂದಕ್ಕೆ ಹೆಜ್ಜೆ ಹಾಕುತ್ತಾರೆ. ಮುಖ ಸಮುದ್ರಕ್ಕೆ, ಹೆಜ್ಜೆ ಊರಿನ ಕಡೆಗೆ. ಎರಡು ಸಾಲು ಹತ್ತಿರ ಬಂದ ಹಾಗೆ ಬಲೆಯ ಹೊಟ್ಟೆ ದಡಕ್ಕೆ ಬರುತ್ತದೆ. ಕೊನೆಯ ಹತ್ತು ಮಾರಿನಲ್ಲಿ ನೀರು ಕುದಿಯುವ ಹಾಗೆ ಕಾಣಿಸುತ್ತದೆ, ಮೇಲೆ ಹದ್ದು ಸುತ್ತುತ್ತವೆ, ಮಕ್ಕಳು ಬುಟ್ಟಿ ಹಿಡಿದು ಓಡುತ್ತಾರೆ. ಹಿಂದೆ ಇದರ ಹತ್ತು ಪಟ್ಟು ದೊಡ್ಡ ರಂಪಣಿ ಬಲೆ ಇತ್ತು. ಊರಿಗೆ ಊರೇ ಎಳೆಯುತ್ತಿತ್ತು. ಬಂಗಡೆ ಬಿದ್ದ ದಿನ ಶಾಲೆಯಲ್ಲಿ ಅರ್ಧ ಹುಡುಗರು ಇರುತ್ತಿರಲಿಲ್ಲವಂತೆ. ಆಳ ಸಮುದ್ರದಲ್ಲೇ ಬಳಸಿ ಹಿಡಿಯುವ ಯಾಂತ್ರಿಕ ಬೋಟುಗಳು ಬಂದ ಮೇಲೆ ದಡಕ್ಕೆ ಬರುವ ಮೀನೇ ಕಡಿಮೆಯಾಯಿತು. ಈಗ ಬಲೆಯಲ್ಲಿ ಸಿಗುವುದು ನೋಡಿದರೆ ಕೆಲವು ದಿನ ಬೇಜಾರಾಗುತ್ತದೆ. ಹಗ್ಗಕ್ಕೆ ಕೈ ಹಾಕಿದರೆ ಬೇಡ ಅನ್ನುವುದಿಲ್ಲ. ನಿಮ್ಮ ಮಗಳೂ ಎಳೆಯಲಿ.

ಆಮೇಲೆ ತೀಳಮಾತಿ. ಮಾಜಾಳಿಯ ಆಚೆ, ಗೋವಾ ಗಡಿಯ ಹತ್ತಿರ. ಎಳ್ಳಿಗೆ ಕೊಂಕಣಿಯಲ್ಲಿ ತೀಳ್, ಮಣ್ಣಿಗೆ ಮಾತಿ. ಹೆಸರೇ ಹೇಳಿತಲ್ಲ, ಕರಿ ಎಳ್ಳು ಚೆಲ್ಲಿದಂಥ ಮರಳು. ಅಲ್ಲಿಗೆ ಗುಡ್ಡ ಹತ್ತಿ ಇಳಿಯಬೇಕು, ಅಮ್ಮನವರಿಗೆ ಕಷ್ಟ. ಅವರಿಗೆ ಸದಾಶಿವಗಡ ಸರಿ. ದುರ್ಗಾದೇವಿ ಗುಡಿ ಇದೆ, ಮೇಲಿನಿಂದ ನದಿ, ಸಮುದ್ರ, ದ್ವೀಪ ಎಲ್ಲ ಒಟ್ಟಿಗೆ ಕಾಣುತ್ತದೆ. ಮಗಳಿಗೆ ಬೀಚಿನಲ್ಲೇ ಚಪಲ್ ಯುದ್ಧನೌಕೆ ಇದೆ. ಸೋವಿಯತ್ ಕಾಲದ ಕ್ಷಿಪಣಿ ದೋಣಿ. ಒಳಗೆ ಹೋಗಿ ನಾವಿಕರು ಎಂಥ ಇಕ್ಕಟ್ಟಿನಲ್ಲಿ ಮಲಗುತ್ತಿದ್ದರು ಅಂತ ನೋಡಬಹುದು. ಈಗ ಪಕ್ಕದಲ್ಲಿ ನೌಕಾಪಡೆಯ ಹಳೇ ಟುಪಲೇವ್ ವಿಮಾನವನ್ನೂ ತಂದು ನಿಲ್ಲಿಸಿದ್ದಾರೆ.

ಗೋವಾ ಯಾಕೆ ಆಗಲಿಲ್ಲ ಅನ್ನುವುದು ದೊಡ್ಡ ಕಥೆ. ಪೇಪರ್ ತಿದ್ದುವುದು ಬಾಕಿ ಇದೆ, ರಾತ್ರಿ ಬರೆಯುತ್ತೇನೆ.

ಗಿರಮಿಟ್ ಹುಬ್ಬಳ್ಳಿ

ಟೀಚರ್ ಬರೆದಿದ್ದು ಖರೇ, ಆದರೆ ಒಂದು ಎಚ್ಚರಿಕೆ ನನ್ನದೂ ಇರಲಿ. ಹೋದ ವರ್ಷ ಒಂದು ಲಾಡ್ಜ್‌ನಲ್ಲಿ "ಸೀ ವ್ಯೂ" ರೂಮ್ ಅಂತ ಜಾಸ್ತಿ ದುಡ್ಡು ಕೊಟ್ಟೆ. ಕಿಟಕಿ ತೆಗೆದರೆ ಎದುರಿಗೆ ಹೆದ್ದಾರಿಯ ಫ್ಲೈಓವರ್. ಕೇಳಿದ್ದಕ್ಕೆ "ಫ್ಲೈಓವರ್ ಕೆಳಗಿಂದ ಬಗ್ಗಿ ನೋಡ್ರಿ, ಕಾಣ್ತದ" ಅಂದರು. ಬಗ್ಗಿ ನೋಡಿದೆ. ಕಂಡಿತು, ಒಂದು ಗೇಣು.

ಊರಿಗೂ ಸಮುದ್ರಕ್ಕೂ ನಡುವೆ ಹೆದ್ದಾರಿ ಹೊಕ್ಕಿದ್ದು ನನಗಂತೂ ಸರಿ ಬರಲಿಲ್ಲ. ಇನ್ನೊಂದು, ರೈಲಿನಲ್ಲಿ ಬರುವವರಿಗೆ ಸ್ಟೇಷನ್ ಊರೊಳಗಿಲ್ಲ, ಶಿರವಾಡದಲ್ಲಿದೆ. ಆಟೋ ದರ ಮೊದಲೇ ಮಾತಾಡಿಕೊಳ್ಳಿ. ನಮ್ಮ ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ರೈಲು ಬರುತ್ತದೆ ಅಂತ ನಾನು ಕಾಲೇಜಿನಲ್ಲಿದ್ದಾಗಿನಿಂದ ಕೇಳುತ್ತಿದ್ದೇನೆ. ಈಗ ನನ್ನ ಮಗ ಕಾಲೇಜಿಗೆ ಹೋಗುತ್ತಾನೆ.

ಕೋಡಿಬಾಗದ ಟೀಚರ್

ಗಿರಮಿಟ್ ಅವರೇ, ಗೇಣು ಸಮುದ್ರಕ್ಕೆ ನಕ್ಕು ನಕ್ಕು ಸಾಕಾಯಿತು. ಫ್ಲೈಓವರ್ ವಿಷಯದಲ್ಲಿ ನಿಮ್ಮ ಪರ ನಾನು. ಮೊದಲು ಪೇಟೆಯಿಂದ ಸೀದಾ ಮರಳಿಗೆ ಕಾಲಿಡುತ್ತಿದ್ದೆವು.

ನಿಮ್ಮ ರೈಲಿನ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಗೋವಾ ಪ್ರಶ್ನೆಗೆ ಉತ್ತರ ಹುಬ್ಬಳ್ಳಿಯಲ್ಲೇ ಇದೆ. ಕಾರವಾರ ಮೊದಲು ಮದ್ರಾಸಿನ ಕೆಳಗಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬೈ ಪ್ರಾಂತಕ್ಕೆ ಸೇರಿಸಿದರು. ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಮ್ಯಾಂಚೆಸ್ಟರ್ ಗಿರಣಿಗಳಿಗೆ ಹತ್ತಿ ಸಿಗದ ಕಾಲ ಅದು. ಧಾರವಾಡ ಸೀಮೆಯ ಹತ್ತಿಯನ್ನು ಘಟ್ಟ ಇಳಿಸಿ ಇಲ್ಲಿಂದ ಹಡಗಿಗೆ ಹಾಕುವುದು ಅವರ ಲೆಕ್ಕ. ಜಿಲ್ಲೆಯ ಕಚೇರಿಗಳು ಹೊನ್ನಾವರದಿಂದ ಇಲ್ಲಿಗೆ ಬಂದದ್ದೂ ಆಗಲೇ. ಇನ್ನೇನು ರೈಲು ಬಂದೇ ಬಿಟ್ಟಿತು ಅಂತ ಜನ ಕಾದರು. ಆದರೆ 1880ರ ದಶಕದ ಕೊನೆಗೆ ರೈಲು ಇಳಿದದ್ದು ಕ್ಯಾಸಲ್‌ರಾಕ್ ಮೇಲಿಂದ ಪೋರ್ಚುಗೀಸರ ಮರ್ಮಗೋವಾಕ್ಕೆ. ಹತ್ತಿಯೂ ಅತ್ತ ಹೋಯಿತು, ವ್ಯಾಪಾರಿಗಳೂ ಅತ್ತ ಹೋದರು. ನಮಗೆ ರೈಲು ಕಂಡದ್ದು ಕೊಂಕಣ ರೈಲ್ವೆ ಬಂದಾಗ, ನೂರು ವರ್ಷ ಕಳೆದ ಮೇಲೆ. ಅದೂ ಕರಾವಳಿಯ ಉದ್ದಕ್ಕೆ. ಘಟ್ಟದ ಮೇಲಿನ ಹುಬ್ಬಳ್ಳಿಗೆ ಇನ್ನೂ ಇಲ್ಲ. ಬಂದರು ಇದ್ದು ಹಿಂದೆ ರೈಲು ಇಲ್ಲದಿದ್ದರೆ, ಬಾಗಿಲು ಇದ್ದು ಅಂಗಳ ಇಲ್ಲದ ಮನೆ ಇದ್ದ ಹಾಗೆ.

ಎರಡನೆಯದು ನೌಕಾನೆಲೆ. ಬಿಣಗಾದಿಂದ ದಕ್ಷಿಣಕ್ಕೆ ಅರಗಾ ಕಡೆ ಹೋಗುತ್ತ ಒಂದಕ್ಕಿಂತ ಒಂದು ಚೆಂದದ ಸಣ್ಣ ಸಣ್ಣ ಕಡಲತೀರಗಳಿದ್ದವು. 1986ರಲ್ಲಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಬಿತ್ತು, 2005ರಲ್ಲಿ ಕದಂಬ ನೌಕಾನೆಲೆ ಶುರುವಾಯಿತು. ಹಡಗು ಅಡಗಿಸಲು ಬೇಕಾದದ್ದೂ ಅದೇ ಬೆಟ್ಟ, ಅದೇ ಆಳದ ನೀರು ನೋಡಿ. ಈಗ ಅಲ್ಲಿ ಗೋಡೆ. ವಿಕ್ರಮಾದಿತ್ಯದಂಥ ವಿಮಾನವಾಹಕ ನೌಕೆ ನಿಲ್ಲುವ ಜಾಗ ಅದು.

ಹಾಗೇ ಅಂಜದೀವ ದ್ವೀಪ. ನಮ್ಮ ಊರಿನ ಎದುರಿಗೇ ಇದ್ದರೂ ಅದು ಗೋವಾಕ್ಕೆ ಸೇರಿದ್ದು. 1498ರಲ್ಲಿ ವಾಸ್ಕೋ ಡ ಗಾಮಾ ಅಲ್ಲಿ ತಂಗಿದ್ದ. ಇನ್ನೊಂದು ಕಥೆ ಮಕ್ಕಳಿಗೆ ನಾನು ಯಾವಾಗಲೂ ಹೇಳುತ್ತೇನೆ. ಪೋರ್ಚುಗೀಸರು ಮುಂಬೈಯನ್ನು ಇಂಗ್ಲೆಂಡ್ ರಾಜನಿಗೆ ವರದಕ್ಷಿಣೆಯಾಗಿ ಕೊಟ್ಟರಲ್ಲ, ಅದನ್ನು ವಹಿಸಿಕೊಳ್ಳಲು ಬಂದ ಇಂಗ್ಲಿಷ್ ಸೈನ್ಯಕ್ಕೆ ಅಲ್ಲಿನ ಪೋರ್ಚುಗೀಸ್ ಅಧಿಕಾರಿ ಜಾಗ ಬಿಡಲಿಲ್ಲ. ಆ ಸೈನಿಕರು ಬಂದು ಅಂಜದೀವದಲ್ಲಿ ಕಾದರು. ಜ್ವರ, ಮಳೆ, ಹಸಿವು. ನೂರಾರು ಮಂದಿ ಅಲ್ಲೇ ಸತ್ತರು, 1664ರಲ್ಲಿ ಅವರ ನಾಯಕ ಶಿಪ್‌ಮನ್ ಕೂಡ. ಮುಂಬೈ ಕಾಯುತ್ತ ಕಾರವಾರದ ಮಳೆಯಲ್ಲಿ ಸತ್ತವರು! ಗೋವಾ ಬಿಡಿಸಿಕೊಳ್ಳುವಾಗ 1961ರ ಡಿಸೆಂಬರ್‌ನಲ್ಲಿ ನಮ್ಮ ಏಳು ಮಂದಿ ನಾವಿಕರೂ ಅದೇ ದ್ವೀಪದಲ್ಲಿ ಪ್ರಾಣ ಕೊಟ್ಟರು. ಈಗ ಅದು ನೌಕಾನೆಲೆಯ ಭಾಗ, ಅಲೆತಡೆಗೋಡೆ ಕಟ್ಟಿ ನೆಲಕ್ಕೆ ಸೇರಿಸಿದ್ದಾರೆ. ನಿಮಗೂ ನಮಗೂ ಪ್ರವೇಶ ಇಲ್ಲ.

ಮೂರನೆಯದು ನಾವೇ. 2020ರಲ್ಲಿ ಬಂದರು ವಿಸ್ತರಣೆಗೆ ಟಾಗೋರ್ ಕಡಲತೀರದ ಕಡೆ ಅಲೆತಡೆಗೋಡೆ ಕಟ್ಟಲು ಬಂದಾಗ ಮೀನುಗಾರರು ಬೀದಿಗಿಳಿದರು, ಹೆಂಗಸರು ನೀರಿಗೇ ಇಳಿದರು. ನಾನೂ ಸಂಜೆ ಹೋಗಿ ನಿಂತಿದ್ದೆ. ಬಂದರಿನ ಸಂಬಳದಲ್ಲಿ ಬೆಳೆದವಳು ಬಂದರಿನ ವಿರುದ್ಧ ನಿಂತಳು ಅಂತ ಅಣ್ಣ ಇನ್ನೂ ಹಂಗಿಸುತ್ತಾನೆ. ಅವನ ಮಾತಲ್ಲೂ ಸ್ವಲ್ಪ ನ್ಯಾಯ ಇದೆ. ಆದರೆ ದೋಣಿ ಎಳೆದು ಇಡಲು ಊರಿಗೆ ಉಳಿದದ್ದೇ ಆ ಒಂದು ಮರಳು.

ಅರಗಾದ ಮಗ

ಟೀಚರ್, "ಈಗ ಅಲ್ಲಿ ಗೋಡೆ" ಅಂತ ಬರೆದಿದ್ದೀರಲ್ಲ, ಆ ಗೋಡೆಯ ಒಳಗೆ ನಮ್ಮ ಮನೆ ಇತ್ತು. ನಾವು ಎದ್ದು ಬಂದಾಗ ನನಗೆ ಹನ್ನೊಂದು ವರ್ಷ. ಈಗ ಪುನರ್ವಸತಿ ಕಾಲೊನಿಯಲ್ಲಿ ಇದ್ದೇವೆ. ನೌಕಾನೆಲೆ ಬೇಡ ಅಂತ ನಾನು ಹೇಳುವುದಿಲ್ಲ, ನನ್ನ ತಮ್ಮ ಅಲ್ಲೇ ಗುತ್ತಿಗೆಯಲ್ಲಿ ವೆಲ್ಡಿಂಗ್ ಮಾಡುತ್ತಾನೆ. ದಿನಾ ಪಾಸ್ ತೋರಿಸಿ ಒಳಗೆ ಹೋಗುತ್ತಾನೆ. ನಮ್ಮ ಹುಣಸೆಮರ ಇನ್ನೂ ಇದೆಯಾ ಅಂತ ಆಯಿ ಕೇಳುತ್ತಲೇ ಇರುತ್ತಾಳೆ. ಅವನು ಇದೆ ಅನ್ನುತ್ತಾನೆ. ನಿಜ ಹೇಳುತ್ತಾನೋ ಸುಳ್ಳೋ ನಾನು ಕೇಳಿಲ್ಲ.

ಪ್ರವಾಸಕ್ಕೆ ಬರುವವರಿಗೆ ಒಂದೇ ಮಾತು. ಹೆದ್ದಾರಿಯಲ್ಲಿ ನೆಲೆಯ ಹತ್ತಿರ ಕಾರು ನಿಲ್ಲಿಸಿ ಫೋಟೊ ತೆಗೆಯಬೇಡಿ. ಸುಮ್ನೆ ತೊಂದರೆ.

ಬೆಣ್ಣೆದೋಸೆ ದಾವಣಗೆರೆ

ಎಲ್ಲರಿಗೂ ಧನ್ಯವಾದ. ಅರಗಾದವರೇ, ಏನು ಬರೆಯಬೇಕೋ ತಿಳಿಯುತ್ತಿಲ್ಲ. ಆಯಿಗೆ ನಮಸ್ಕಾರ ಹೇಳಿ.

ಎರಡು ರಾತ್ರಿ ಉಳಿಯುವುದು ಖಾತ್ರಿ. ಟೀಚರ್, ಕೂರ್ಮಗಡಕ್ಕೆ ದೋಣಿಯಲ್ಲಿ ಹೋಗಬಹುದಾ? ಮತ್ತೆ ಊಟ?

ಕೋಡಿಬಾಗದ ಟೀಚರ್

ಹೋಗಬಹುದು, ಆದರೆ ಲೈಫ್ ಜಾಕೆಟ್ ಕೊಡದ ದೋಣಿಗೆ ಕಾಲಿಡಬೇಡಿ. ಎಷ್ಟೇ ಹತ್ತಿರ ಕಂಡರೂ ಸರಿ. ಅಲ್ಲಿ ನರಸಿಂಹ ದೇವರ ಗುಡಿ ಇದೆ, ಜನವರಿಯ ಜಾತ್ರೆಗೆ ಮೀನುಗಾರರು ಬಾಳೆಗೊನೆ ಹರಕೆ ಒಪ್ಪಿಸುತ್ತಾರೆ. 2019ರ ಜಾತ್ರೆಯಿಂದ ವಾಪಸು ಬರುವಾಗ ದೋಣಿ ಮಗುಚಿ 16 ಮಂದಿ ಹೋದರು. ಅವತ್ತು ಸಂಜೆ ಈ ಊರು ಹೇಗಿತ್ತು ಅಂತ ಬರೆಯಲು ನನ್ನಿಂದ ಆಗದು.

ಸೇತುವೆಯ ಮೇಲೆ ಹೋಗುವಾಗ ಪಕ್ಕಕ್ಕೆ ನೋಡಿ. 2024ರ ಆಗಸ್ಟ್‌ನಲ್ಲಿ ಹಳೇ ಕಾಳಿ ಸೇತುವೆ ನಡುರಾತ್ರಿ ಕುಸಿದುಬಿತ್ತು. ಒಂದು ಲಾರಿ ನದಿಗೆ ಬಿತ್ತು, ಚಾಲಕನನ್ನು ಜೀವಂತ ಎತ್ತಿದರು. ನಮ್ಮ ಮನೆಗೆ ಆ ಸದ್ದು ಕೇಳಿತ್ತು. ಗುಡುಗು ಅಂದುಕೊಂಡು ಮಗ್ಗುಲು ಬದಲಿಸಿ ಮಲಗಿದ್ದೆವು.

ಊಟದಲ್ಲಿ ನಿಮಗೆ ಚಿಂತೆ ಇಲ್ಲ. ಬೆಳಿಗ್ಗೆ ಪಾವ್ ಜೊತೆ ಪಾತಳ ಭಾಜಿ ತಿನ್ನಿ, ಇಲ್ಲ ಬನ್ಸ್. ಅಮ್ಮನವರಿಗೂ ಆಗುತ್ತದೆ. ಮಧ್ಯಾಹ್ನ ಅವರಿಗೆ ಅನ್ನ, ದಾಳಿತೋಯ, ಸೋಲ್‌ಕಡಿ. ಸೋಲ್‌ಕಡಿ ಅಂದರೆ ಮುರುಗಲ ಸಿಪ್ಪೆ ನೆನೆಸಿದ ನೀರಿಗೆ ತೆಂಗಿನಹಾಲು. ಗುಲಾಬಿ ಬಣ್ಣ ನೋಡಿ ಮಗಳು ಐಸ್‌ಕ್ರೀಂ ಅಂದುಕೊಂಡಾಳು. ನಿಮಗೆ ತಿರಫಳ ಹಾಕಿದ ಬಂಗಡೆ ಸಾರು. ಆ ಕಾಳನ್ನು ಅಗಿಯಬೇಡಿ, ಬದಿಗಿಡಿ. ನಾಲಿಗೆ ಜುಮ್ಮೆನ್ನುತ್ತದೆ. ಅಗಿದು ಹೆದರಿದ ಘಟ್ಟದ ಮೇಲಿನ ಅಳಿಯಂದಿರನ್ನು ಎಷ್ಟು ನೋಡಿಲ್ಲ!

ಟ್ರಾಫಿಕ್ ಸಂತ್ರಸ್ತ, ಬೆಂಗಳೂರು

ಒಂದು ಗಂಟೆ ಸಾಕು ಅಂದಿದ್ದೆ. ವಾಪಸ್ ತಗೊಂಡೆ. ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್‌ಗೆ ಟಿಕೆಟ್ ನೋಡುತ್ತಿದ್ದೇನೆ. ವೇಟಿಂಗ್ ಲಿಸ್ಟ್.

ಬೆಣ್ಣೆದೋಸೆ ದಾವಣಗೆರೆ (ಜನವರಿಯಲ್ಲಿ)

ಹೋಗಿ ಬಂದೆವು. ಎರಡು ದಿನ ಅಂದದ್ದು ಮೂರು ದಿನ ಆಯ್ತು, ಗೋವಾಕ್ಕೆ ಈ ಸಲ ಹೋಗಲೇ ಇಲ್ಲ. ಏಂಡಿ ಬಲೆ ಮೊದಲ ದಿನ ಸಿಗಲಿಲ್ಲ, ಎರಡನೇ ದಿನ ಸಿಕ್ಕಿತು. ಮಗಳು ಹಗ್ಗದ ಕೊನೆ ಹಿಡಿದು ಎಳೆದಳು. ಪಾಲು ಅಂತ ಅವಳ ಕೈಗೂ ನಾಲ್ಕು ಸಣ್ಣ ಮೀನು ಹಾಕಿದರು. ಅಮ್ಮನ ಮುಂದೆ ಒಯ್ದು ತೋರಿಸಿದಳು. ಅಮ್ಮ ಮೂಗು ಮುಚ್ಚಿಕೊಂಡೇ "ಭೇಷ್" ಅಂದರು. ಮೀನನ್ನು ಲಾಡ್ಜ್‌ನ ಅಡುಗೆಯವರಿಗೆ ಕೊಟ್ಟೆವು. ತಿರಫಳ ನಾನೇ ಅಗಿದೆ ಟೀಚರ್. ಕ್ಷಮಿಸಿ.

ಹಡಗು ಈ ಸಲವೂ ಅಲ್ಲೇ ನಿಂತಿತ್ತು. ಮೊದಲ ಸಂಜೆ ಒಂದು, ಮರುದಿನ ಎರಡು. ಮಗಳಿಗೆ ಸರದಿ, ಭರತ, ಡಾಂಬರು ಎಲ್ಲ ಹೇಳಿದೆ. ಪೆಟ್ರೋಲ್ ಮುಗಿದಿಲ್ಲ ಅಂತಲೂ ಒಪ್ಪಿಕೊಂಡೆ.

ವಾಪಸು ಬರುವಾಗ ಯಲ್ಲಾಪುರ ದಾಟಿ ರಸ್ತೆ ಕೆಲಸ ನಡೆಯುತ್ತಿತ್ತು. ಕಾರು ನಿಲ್ಲಿಸಿದರು. ಬಿಸಿ ಡಾಂಬರಿನ ವಾಸನೆ ಒಳಗೆಲ್ಲ ತುಂಬಿತು. ನಾನು ಗಾಜು ಏರಿಸಲು ಹೋದರೆ ಮಗಳು ಬೇಡ ಅಂದಳು. ಕಿಟಕಿಯಿಂದ ತಲೆ ಹೊರಗೆ ಹಾಕಿ ಬಾವುಟ ಹಿಡಿದು ನಿಂತವರನ್ನು ಕೇಳಿದಳು: "ಅಂಕಲ್, ಇದು ಹಡಗಿಂದ ಬಂದಿದ್ದಾ?"

ಅವರು ಅವಳನ್ನೂ ರಸ್ತೆಯನ್ನೂ ನೋಡಿದರು. "ಇಲ್ಲ ಪುಟ್ಟಿ, ಲಾರಿಯಿಂದ" ಅಂದರು.